ಜಗಳಕ್ಕೆಂದೇ ಬರುತ್ತಿದ್ದ ಕ್ಯಾಸೆಟ್ ಮಾವ

ನನ್ನ ಮೊಮ್ಮಗಳು ಬರೆದ ನಾಟಕಕ್ಕೆ ಇವತ್ತು ಕಾಲೇಜಿನಲ್ಲಿ ಮೊದಲ ಬಹುಮಾನ ಬಂತು! ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮೈಕಿನಲ್ಲಿ ಅವಳ ಹೆಸರು ಕೂಗಿದಾಗ ಕೂತಲ್ಲಿ ಕೂರಲಾಗಲಿಲ್ಲ. ಚಪ್ಪಾಳೆ ತಟ್ಟಿ ಕೈ ಉರಿಯುತ್ತಿದ್ದರೂ ಕಣ್ಣು ಒಬ್ಬರನ್ನು ಹುಡುಕುತ್ತಿತ್ತು. ಅವರಿಲ್ಲ ಎಂದು ಗೊತ್ತಿದ್ದೂ ಹುಡುಕುತ್ತಿತ್ತು.

ಅವರ ಬಲಗೈ ತೋರುಬೆರಳು ಒಂದು ಮಗ್ಗುಲಿಗೆ ದಪ್ಪಗಟ್ಟಿತ್ತು. ಸಿಕ್ಕಿಕೊಂಡ ಕ್ಯಾಸೆಟ್ಟಿನ ರೀಲನ್ನು ಆ ಬೆರಳಿನಿಂದಲೇ ತಿರುಗಿಸಿ ತಿರುಗಿಸಿ ಹಾಗಾದದ್ದು. ಶಿರಸಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಪೇಟೆಯಲ್ಲಿ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಮಕ್ಕಳಿಗೆಲ್ಲ ಅವರು ಕ್ಯಾಸೆಟ್ ಮಾವ. ಹೆಣ್ಣು ಕೇಳಲು ಹೋದಲ್ಲೆಲ್ಲ ಇದೂ ಒಂದು ಉದ್ಯೋಗವಾ ಅಂದರಂತೆ. ತಾಯಿ ತೀರಿಕೊಂಡ ಮೇಲೆ ಒಬ್ಬರೇ ಉಳಿದರು.

ಅವರಿಗೆ ಒಂದು ಜಾತಿಯ ಇಂಗ್ಲಿಷ್ ಸಿನಿಮಾ ಅಂದರೆ ಪ್ರಾಣ. ಹುಡುಗಿಯರ ಎದುರು ಬಾಯಿ ಬಾರದ ಶಾಲೆಯ ಹುಡುಗರು ಕಂಪ್ಯೂಟರ್ ಮುಂದೆ ಕೂತು, ಕಣ್ಣು ಹೀಗಿರಲಿ, ಕೂದಲು ಹಾಗಿರಲಿ ಎಂದು ತಮಗೆ ಬೇಕಾದ ಹುಡುಗಿಯನ್ನೇ ಮಾಡಿಕೊಳ್ಳುವ ನಗೆಯ ಕತೆಗಳು. ನೀನೂ ಅಂಥ ಒಬ್ಬ ಹುಡುಗಿಯನ್ನು ಮಾಡಿಕೊ ಎಂದು ಪೇಟೆಯವರು ಕೆಣಕಿದರೆ ಅವರು ಹೇಳುತ್ತಿದ್ದುದು ಒಂದೇ ಮಾತು:

"ಮಾಡಿರೆ ಆನು ಜಗಳ ಆಡೋ ಕೂಸನ್ನೇ ಮಾಡ್ತೆ. ಎದುರು ಮಾತಾಡದ್ದು ಬೇಕಾದ್ರೆ ನಮ್ಮನೆ ಗೋಡೆ ಇದ್ದಲಾ."

ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಮೊಬೈಲು ಬಂದು ಅಂಗಡಿ ಮುಚ್ಚಿತು. ಆಮೇಲೆ ದಿನಾ ಸಂಜೆ ನಮ್ಮ ಜಗಲಿಗೆ ಬಂದು, ಚಾ ಕುಡಿಯುತ್ತ, ಮೊಮ್ಮಗಳಿಗೆ ಅದೇ ಸಿನಿಮಾದ ಕತೆ ಹೇಳತೊಡಗಿದರು. ಅವಳಿಗಾಗ ಅಕ್ಷರ ಕೂಡಿಸುವ ವಯಸ್ಸು. ಒಂದು ದಿನದ ಕತೆಯಲ್ಲಿ ಆ ಹುಡುಗರು ಮಾಡಿದ ಹುಡುಗಿ ಮಾಯವಾಗುತ್ತಿದ್ದಳು, ಮರುದಿನ ಬನವಾಸಿಗೆ ಸೊಸೆಯಾಗಿ ಹೋಗಿ ಅನಾನಸ್ ಕೊಯ್ಯುತ್ತಿದ್ದಳು. ಮಗು ಕೆರಳುತ್ತಿತ್ತು.

"ಸುಳ್ಳು ಹೇಳಡ ಮಾವಾ. ನಿನ್ನೆ ಮಾಯ ಆದ ಕೂಸು ಇವತ್ತು ಅನಾನಸ್ ಕೊಯ್ತಾ?"

ಹಾಗಾದರೆ ಏನಾಗಬೇಕಿತ್ತು ನೀನೇ ಹೇಳು ಅನ್ನುವರು. ಅವಳು ಹೇಳುವಳು. ಅದನ್ನೂ ಒಪ್ಪದೆ ಕಾಡುವರು. ಒಮ್ಮೆ ಅವಳ ಕೂಗಾಟ ತಾಳದೆ, ದೊಡ್ಡವರ ಹತ್ತಿರ ಹೀಗೆ ಮಾತಾಡುವುದಾ ಎಂದು ಗದರಿದೆ. ಅವರ ಮುಖ ಸಣ್ಣದಾಯಿತು.

"ಬೈಯಡ ಅಕ್ಕಾ, ಆಡ್ಲಿ ಬಿಡು. ಎನ್ನ ತಪ್ಪು ಹಿಡಿಯಲೆ ಆ ಮನೆಲಿ ಯಾರಿದ್ದ ಹೇಳು."

ಬೇಕೆಂದೇ ಕತೆ ತಪ್ಪಿಸುತ್ತಿದ್ದರು ಎಂದು ಆವತ್ತು ತಿಳಿಯಿತು. ಮತ್ತೆಂದೂ ನಾನು ನಡುವೆ ಬಾಯಿ ಹಾಕಲಿಲ್ಲ.

ಹೋದ ಬೇಸಿಗೆಯಲ್ಲಿ ಎದೆನೋವು ಎಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಕಾಲೇಜು ಸೇರಿದ ಮೇಲೂ ಮೊಮ್ಮಗಳು ಅವರ ಹತ್ತಿರ ಜಗಳ ಆಡುತ್ತಲೇ ಬರೆಯುತ್ತಿದ್ದ ಈ ನಾಟಕ ಆಗ ಅರ್ಧ ಆಗಿತ್ತು. ಇನ್ನು ಯಾರ ಹತ್ತಿರ ಜಗಳ ಆಡಿ ಬರೆಯಲಿ ಎಂದು ಅವಳು ಎಷ್ಟೋ ದಿನ ಅದನ್ನು ಮುಟ್ಟಲಿಲ್ಲ. ಪಕ್ಕದ ಮನೆಯ ಬೀಗ ನೋಡುತ್ತ ನಾನೂ ಒಬ್ಬಳೇ ಚಾ ಕುಡಿದೆ.

ಇವತ್ತು ನೋಡಿದ ನಾಟಕದಲ್ಲಿ ಒಬ್ಬ ಮಾಣಿ, ಮದುವೆ ವಯಸ್ಸಿನ ಹುಡುಗ, ಮೊಬೈಲಿನಲ್ಲಿ ಹೆಂಡತಿಯನ್ನು ಮಾಡಿಕೊಳ್ಳುತ್ತಾನೆ. ಅವಳು ಎಲ್ಲದಕ್ಕೂ ಹೂಂ ಅನ್ನುತ್ತಾಳೆ. ಕಡೆಗೆ ಅವನು, ಒಂದೇ ಒಂದು ಸಲ ಇಲ್ಲ ಅನ್ನೇ ಎಂದು ಬೇಡುತ್ತಾನೆ. ಅದಕ್ಕೂ ಹೂಂ. ಸಭೆಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಮಾಣಿ ಒಬ್ಬನೇ ಕೂತಿರುವಲ್ಲಿಗೆ ಪರದೆ ಬಿತ್ತು.

ರಾತ್ರಿ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಮಗ ಹೊಗಳಿದ, ಸೊಸೆ ಹೊಗಳಿದಳು, ನಮ್ಮನೆಯವರಂತೂ ಪಾಯಸ ಬಡಿಸುವಾಗಲೂ ನಿಲ್ಲಿಸಲಿಲ್ಲ. ಮೊಮ್ಮಗಳು ಎಲ್ಲದಕ್ಕೂ ತಲೆಯಾಡಿಸುತ್ತ ತಂಬುಳಿ ಅನ್ನ ಕಲಸುತ್ತಲೇ ಇದ್ದಳು, ಬಾಯಿಗೆ ಇಡಲಿಲ್ಲ. ನನಗೆ ನಾಟಕದ ಗಂಧಗಾಳಿ ಇಲ್ಲ. ಆದರೂ ಅಂದೆ: "ಕಡೆಗೆ ಆ ಮಾಣಿನ ಒಬ್ಬನೇ ಬಿಟ್ಟಿದ್ದು ಎನಗೆ ಸರಿ ಕಂಡಿದ್ದಿಲ್ಲೆ ತಂಗಿ."

ಸೊಸೆ ನನ್ನನ್ನು ದುರುಗುಟ್ಟಿ ನೋಡಿದಳು. ಮೊಮ್ಮಗಳು ತಲೆ ಎತ್ತಿದಳು.

"ಅಜ್ಜೀ, ನಿಂಗೆ ಅರ್ಥನೇ ಆಯ್ದಿಲ್ಲೆ," ಎಂದು ಶುರು ಮಾಡಿದಳು. ನಾನೂ ಬಿಡಲಿಲ್ಲ. ಪಾಯಸ ಆರಿತು, ಕೈ ಒಣಗಿತು, ಒಬ್ಬರೂ ಊಟದಿಂದ ಏಳಲಿಲ್ಲ.