ಕೆಂಪು ದಾರದ ಮುಚ್ಚಳ

ವಿಜಯಪುರದಲ್ಲಿ ಚಳಿ ಬೀಳುತ್ತದೆ ಅಂದರೆ ಹೊರಗಿನವರು ನಗುತ್ತಾರೆ. ಬಿಸಿಲೂರು ಅಂತ ಹೆಸರಾಗಿಬಿಟ್ಟಿದೆಯಲ್ಲ. ಆದರೆ ಡಿಸೆಂಬರಿನ ಬೆಳಿಗ್ಗೆ ನಮ್ಮ ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಬರಿಗಾಲಿಟ್ಟು ನೋಡಬೇಕು. ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬಿಳಿ ಮೇಣವಾಗಿ ಕೂತಿರುತ್ತದೆ. ಎಣ್ಣೆ ಹೆಪ್ಪುಗಟ್ಟಿದ ವಾರ ನಮ್ಮವರು ಸಂಜೆ ಮನೆಗೆ ಬರುವಾಗ ಕೈಚೀಲದಲ್ಲಿ ಮೆಂತ್ಯೆಪಲ್ಯ, ಅಂದರೆ ಮೆಂತ್ಯೆ ಸೊಪ್ಪು, ಇರುತ್ತದೆ, ಪಲ್ಯದ ಕೆಳಗೆ ಪೇಪರಿನಲ್ಲಿ ಸುತ್ತಿದ ಒಂದು ರಮ್ಮಿನ ಬಾಟಲಿ. ಅದರ ಬಗ್ಗೆ ಅವರೂ ಮಾತಾಡುವುದಿಲ್ಲ, ನಾನೂ ಕೇಳುವುದಿಲ್ಲ. ಪಲ್ಯ ಬುಟ್ಟಿಗೆ ಹೋಗುತ್ತದೆ, ಬಾಟಲಿ ಉಪ್ಪಿನಕಾಯಿ ಭರಣಿಗಳ ಹಿಂದೆ ಹೋಗುತ್ತದೆ. ಇಬ್ಬರಿಗೆ ಅದು ಶಿವರಾತ್ರಿಯವರೆಗೂ ಬರುತ್ತದೆ.

ಬಿಸಿ ರಮ್ಮು ಮಾಡುವುದನ್ನು ನಾನು ಕಲಿತದ್ದು ಕಾನ್ವೆಂಟಿನ ದಿನಗಳಲ್ಲಿ. ಸಿಸ್ಟರುಗಳಿಂದ ಅಲ್ಲ, ಅವರು ಪಾಪ ನಮಗೆ ಹೊಲಿಗೆ ಕಲಿಸಿದರು. ನನ್ನ ಬೆಂಚಿನ ಗೆಳತಿಯ ತಾಯಿ ಗೋವಾ ಕಡೆಯವರು. ಕ್ರಿಸ್‌ಮಸ್ಸಿಗೆ ಅವರ ಮನೆಗೆ ಹೋದರೆ ಒಲೆಯ ಮೇಲೆ ಒಂದು ದೊಡ್ಡ ಪಾತೇಲಿ ಇರುತ್ತಿತ್ತು. ಬೆಲ್ಲ, ದಾಲ್ಚಿನ್ನಿ, ಲವಂಗ, ಕಿತ್ತಳೆ ಸಿಪ್ಪೆ ಅದರಲ್ಲಿ ಕುದಿಯುತ್ತಿದ್ದವು. ಮೊದಲು ಮಕ್ಕಳಿಗೆ ಅಂತ ಒಂದು ಚರಿಗೆಯಷ್ಟು ತೆಗೆದಿಟ್ಟು, ಉಳಿದದ್ದಕ್ಕೆ ಆ ತಾಯಿ ರಮ್ಮು ಸುರಿಯುತ್ತಿದ್ದರು. ದೊಡ್ಡವರು ಗಾಜಿನ ಲೋಟ ಹಿಡಿದು ಕೂತರೆ ನಾವೂ ನಮ್ಮ ಲೋಟ ಹಿಡಿದು ಅವರಂತೆಯೇ ಗಂಭೀರವಾಗಿ ಕೂರುತ್ತಿದ್ದೆವು. ಎರಡರ ಬಣ್ಣವೂ ಒಂದೇ, ಪರಿಮಳವೂ ಹೆಚ್ಚುಕಡಿಮೆ ಒಂದೇ.

ಆ ಪದ್ಧತಿಯನ್ನೇ ನಾನು ನನ್ನ ಮನೆಗೆ ತಂದುಕೊಂಡೆ. ನನ್ನ ತವರು ಬಬಲೇಶ್ವರ. ಅಣ್ಣ ಪ್ರತಿ ವರ್ಷ ತನ್ನ ತೋಟದ ಬೇದಾಣಿ, ಅಂದರೆ ಒಣದ್ರಾಕ್ಷಿ, ಡಬ್ಬಿ ತುಂಬ ಕೊಟ್ಟು ಕಳಿಸುತ್ತಾನೆ. ಅದೇ ಲವಂಗ, ಸಿಪ್ಪೆ ಹಾಕಿದ ಬೆಲ್ಲದ ನೀರಿಗೆ ಒಂದು ಹಿಡಿ ಬೇದಾಣಿ ಹಾಕುತ್ತೇನೆ, ಒಣಶುಂಠಿ ಜಜ್ಜಿ ಹಾಕುತ್ತೇನೆ, ನಾಲ್ಕು ಕಾಳು ಮೆಣಸು. ಬೇದಾಣಿ ಉಬ್ಬಿ ಮೇಲೆ ತೇಲಿದವು ಅಂದರೆ ಒಲೆ ಆರಿಸಬಹುದು. ರಮ್ಮನ್ನು ಮಾತ್ರ ಎಂದೂ ಕುದಿಸಬಾರದು. ಕುದಿಸಿದರೆ ಅದರ ಘಮವೆಲ್ಲ ಮನೆ ತುಂಬಿ ಹೋಗುತ್ತದೆ, ಲೋಟಕ್ಕೆ ಬರೀ ಕಹಿ ಉಳಿಯುತ್ತದೆ. ಕುದಿ ಇಳಿದು, ಪಾತೇಲಿಯ ಅಂಚಿನಲ್ಲಿ ಗುಳ್ಳೆ ನಿಂತ ಮೇಲೆ ಹಾಕಬೇಕು.

ಯಾವುದೋ ಮದುವೆಯಲ್ಲಿ ಆಹೇರಿಯಾಗಿ, ಉಡುಗೊರೆಯಾಗಿ ಬಂದ ಎರಡು ಸ್ಟೀಲಿನ ಫ್ಲಾಸ್ಕುಗಳಿವೆ, ಅವಳಿಜವಳಿಯಂಥವು. ಒಂದಕ್ಕೆ ಬರೀ ಕಷಾಯ, ಬಂದವರಿಗೆ, ಹೋದವರಿಗೆ. ಇನ್ನೊಂದಕ್ಕೆ ರಮ್ಮು ಬೆರೆಸಿದ್ದು, ನಮ್ಮಿಬ್ಬರಿಗೆ. ಗುರುತಿಗೆ ಅಂತ ರಮ್ಮಿನ ಫ್ಲಾಸ್ಕಿನ ಮುಚ್ಚಳಕ್ಕೆ ಒಂದು ಕೆಂಪು ದಾರ ಕಟ್ಟಿದ್ದೆ. ಮುಚ್ಚಳಕ್ಕೆ ಕಟ್ಟಿದ್ದೆ, ಫ್ಲಾಸ್ಕಿಗೆ ಅಲ್ಲ.

ಎಳ್ಳಮಾಸಿಯ, ಅಂದರೆ ಹೊಲದಲ್ಲಿ ಪೂಜೆ ಮಾಡುವ ಎಳ್ಳು ಅಮಾವಾಸ್ಯೆಯ, ಹಿಂದಿನ ದಿನ ಟಿಕೋಟಾದಿಂದ ನನ್ನ ನೆಗೆಣ್ಣಿಯ ಫೋನು ಬಂತು. ನಮ್ಮವರ ಅಣ್ಣ, ಅಂದರೆ ನನ್ನ ಭಾವನವರು, ಅಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದಾರೆ. ಅವರ ಹೆಂಡತಿಯಾದ ಈ ನೆಗೆಣ್ಣಿಯನ್ನು ನಾನು ಅಕ್ಕಾ ಅನ್ನುತ್ತೇನೆ.

"ತಂಗೀ, ನಾಳಿ ಬರೂ ಮುಂದ ನಿನ್ನ ಆ ಕಷಾಯ ತಗೊಂಡ ಬಾರವಾ. ನಿಮ್ಮ ಭಾವಗ ಗಂಟಲ ಕಟ್ಟೇತಿ. ಮಾತಾಡಿದ್ರ ಹಳೇ ರೇಡಿಯೋ ಕೆಮ್ಮಿದಂಗ ಆಗತೈತಿ."

"ಔಷಧ ತಗೊಂಡಿಲ್ಲೇನಕ್ಕಾ?"

"ಅವರೇನ ತಗೋತಾರ. ಹಟಮಾರಿ ಮಂದಿ. ನೀ ಕೊಟ್ರ ನಾಚಿ ಕುಡೀತಾರ."

ಮರುದಿನ ಬೆಳಿಗ್ಗೆ ಎಂದಿನಂತೆ ಒಂದೇ ಪಾತೇಲಿಯಲ್ಲಿ ಮಾಡಿದೆ. ಸಂಜೆ ಹೊಲದಿಂದ ದಣಿದು ಬಂದಾಗ ಒಲೆ ಹಚ್ಚುವುದು ಬೇಡ ಅಂತ ನಮ್ಮ ಪಾಲಿಗೆ ಆಗಲೇ ರಮ್ಮು ಬೆರೆಸಿ ಎರಡೂ ಫ್ಲಾಸ್ಕು ತುಂಬಿದೆ. ಅಷ್ಟರಲ್ಲಿ ಹೋಳಿಗೆಯ ಬುಟ್ಟಿಗೆ ಬಟ್ಟೆ ಕಟ್ಟುವುದಿತ್ತು. "ಜರಾ ಮುಚ್ಚಳ ಹಾಕ್ರಿ" ಅಂತ ನಮ್ಮವರಿಗೆ ಹೇಳಿ ಆ ಕಡೆ ಹೋದೆ. ಅವರು ಬಹಳ ಮುತುವರ್ಜಿಯಿಂದ ಗಟ್ಟಿಯಾಗಿ ತಿರುವಿ ಹಾಕಿದರು. ನಾನು ದಾರವಿಲ್ಲದ್ದನ್ನು ಎತ್ತಿ ಚೀಲಕ್ಕಿಟ್ಟೆ.

ದಾರಿಯಲ್ಲಿ ತೊರವಿ ದಾಟುವಾಗ ಕಾರಿನ ಗಾಜಿನ ಮೇಲೆ ಇನ್ನೂ ಮಂಜಿತ್ತು. ಹೊಲಕ್ಕೆ ಹೊರಟ ಚಕ್ಕಡಿ, ಟ್ರ್ಯಾಕ್ಟರು, ಬೈಕಿನ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು. ಫ್ಲಾಸ್ಕು ನನ್ನ ಕಾಲ ಬಳಿ ಉರುಳಿ ಉರುಳಿ ಬೆಚ್ಚಗೆ ತಾಗುತ್ತಿತ್ತು.

ಭಾವನವರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಒಂದು ಕಾಲಕ್ಕೆ ಅವರು ವಿಪರೀತ ಕುಡಿಯುತ್ತಿದ್ದರು. ತೋಟದ ಶೆಡ್ಡಿನಲ್ಲಿ ಮಜ್ಜಿಗೆ ಕುಡಿಯುವ ಅದೇ ಸ್ಟೀಲಿನ ಗ್ಲಾಸಿನಲ್ಲಿ ಹಗಲೇ ಹಾಕಿಕೊಂಡು ಕೂರುತ್ತಿದ್ದರು. ದೂರದಿಂದ ನೋಡಿದವರಿಗೆ ಮಜ್ಜಿಗೆಯೇ. ಆಮೇಲೆ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿ ಎದ್ದವರು ಬಿಟ್ಟುಬಿಟ್ಟರು. ದೇವರ ಮುಂದೆ ಆಣೆ ಮಾಡಲಿಲ್ಲ, ಯಾವ ಸ್ವಾಮಿಗಳ ಎದುರೂ ಮಾತು ಕೊಡಲಿಲ್ಲ, ಸುಮ್ಮನೆ ಬಿಟ್ಟರು. ಹಾಗೆ ಸುಮ್ಮನೆ ಬಿಟ್ಟದ್ದಕ್ಕೇ ಯಾರಿಗೂ ನಂಬಿಕೆ ಬರಲಿಲ್ಲ. ಎಲ್ಲರಿಗಿಂತ ಹೆಚ್ಚು ನಂಬಿಕೆ ಇಲ್ಲದವರು ನನ್ನ ನೆಗೆಣ್ಣಿ. ಗಂಡನಿಗೆ ನೀರಾಗಲಿ, ಚಹಾ ಆಗಲಿ, ಮಜ್ಜಿಗೆಯಾಗಲಿ, ಕೊಡುವ ಮುಂಚೆ ಖಾಲಿ ಗ್ಲಾಸನ್ನು ಒಮ್ಮೆ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಸೆರಗು ಸರಿಮಾಡಿಕೊಂಡಂತೆ ಅಷ್ಟು ಸಣ್ಣಗೆ, ಹೊಸಬರಿಗೆ ಗೊತ್ತೇ ಆಗದಂತೆ. ಭಾವನವರಿಗೆ ಗೊತ್ತಾಗುತ್ತಿತ್ತು. ಅವರು ಆ ಹೊತ್ತು ಬೇರೆ ಕಡೆ ನೋಡುತ್ತಿದ್ದರು. ವರ್ಷಗಳಿಂದ ಅದು ಹಾಗೇ ನಡೆದಿತ್ತು.

ಹೊಲ ಇರುವುದು ಕನಮಡಿ ರಸ್ತೆಗೆ. ಒಂದು ಕಡೆ ದ್ರಾಕ್ಷಿಯ ಚಪ್ಪರ, ಇನ್ನೊಂದು ಕಡೆ ಎದೆಮಟ್ಟ ನಿಂತ ಬಿಳಿಜೋಳ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡಿದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ ಎಲ್ಲ ಬಿಚ್ಚಿಟ್ಟೆವು. ತಂದದ್ದರಲ್ಲಿ ಮೊದಲ ಪಾಲು ಭೂಮಿಗೆ. ಅನ್ನ, ಪಲ್ಯ, ಕಡುಬು ಕಲಸಿ ಹೊಲದ ತುಂಬ ಚೆಲ್ಲಬೇಕು. ಅದಕ್ಕೇ ಚರಗ ಅನ್ನುವುದು. ಚರಗ ಚೆಲ್ಲಿ ಮುಗಿಯುವವರೆಗೆ ಯಾರೂ ಏನನ್ನೂ ಬಾಯಿಗೆ ಮುಟ್ಟಿಸುವಂತಿಲ್ಲ, ಒಂದು ಗುಟುಕು ನೀರು ಬಿಟ್ಟು.

"ಇದೂ ತಂದೀಯಲ್ಲ, ಇದರದ್ದೂ ಒಂದೀಟು ಭೂಮಿತಾಯಿಗೆ ಕೊಡೂಣು" ಅಂದರು ಭಾವನವರು, ಕರಕರ ದನಿಯಲ್ಲಿ. ಕೊರಳಿಗೆ ಕಂದು ಮಫ್ಲರು ಸುತ್ತಿದ್ದರು. ಫ್ಲಾಸ್ಕು ಎತ್ತಿಕೊಂಡು ಬದುವಿನ ಮೇಲೆ ಹೋಗಿ ನಿಂತು ಮುಚ್ಚಳ ತಿರುವಿದರು. ಮುಚ್ಚಳದಲ್ಲೇ ಬಗ್ಗಿಸಿಕೊಂಡರು. ಹಬೆ ಎದ್ದಿತು.

ಗಾಳಿ ನಮ್ಮ ಕಡೆಗೇ ಇತ್ತು. ಕಷಾಯದ ಹಬೆಯಲ್ಲಿ ಮೊದಲು ಲವಂಗ ಬರುತ್ತದೆ, ಆಮೇಲೆ ಶುಂಠಿ. ಇದರಲ್ಲಿ ಅವೆರಡಕ್ಕೂ ಮುಂಚೆ ಇನ್ನೊಂದು ಬಂತು. ಚರಗಕ್ಕೆ ಮುರಿಯುತ್ತಿದ್ದ ರೊಟ್ಟಿ ನನ್ನ ಕೈಯಲ್ಲಿ ಹಾಗೇ ನಿಂತಿತು. ನಮ್ಮವರ ಕಡೆ ನೋಡಿದೆ. ಅವರು ಹಬೆಯನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡಿದರು. ಬೆಳಿಗ್ಗೆ ತಾವೇ ತಿರುವಿದ ಮುಚ್ಚಳ ಅವರಿಗೆ ಆಗ ನೆನಪಾಗಿರಬೇಕು. ಮುಖದ ಬಣ್ಣ ಇಳಿದುಹೋಯಿತು.

"ಭಾವಾ, ಅದು..." ಅಂದೆ.

ಭಾವನವರು ನಮ್ಮ ಕಡೆ ಬೆನ್ನು ಮಾಡಿಯೇ ಒಂದು ಕೈ ಎತ್ತಿದರು. ಸುಮ್ಮನಿರು ಅನ್ನುವ ಹಾಗೆ. ಇನ್ನೊಂದು ಕೈಯಲ್ಲಿ ಮುಚ್ಚಳ. ಅವರ ಮೂಗು ಅದರ ಮೇಲೆ ಬಗ್ಗಿತ್ತು.

ಅವರು ಅದನ್ನು ಮುಚ್ಚಿಟ್ಟು, ಚರಗ ಮುಗಿದ ಮೇಲೆ ಕುಡಿದಿದ್ದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಗಂಟಲು ಕಟ್ಟಿತ್ತು. ಕಷಾಯ ಅಂತಲೇ ಎಲ್ಲರೆದುರು ಕೊಟ್ಟದ್ದು. ಕೊಟ್ಟವಳು ಕಾನ್ವೆಂಟು ಕಲಿತ ಸಣ್ಣ ಸೊಸೆ. ಇದಕ್ಕಿಂತ ಒಳ್ಳೆಯ ನೆಪ ಈ ಇಷ್ಟು ವರ್ಷದಲ್ಲಿ ಅವರಿಗೆ ಸಿಕ್ಕಿರಲಿಕ್ಕಿಲ್ಲ. ನಾನು ನೆಗೆಣ್ಣಿಯನ್ನು ನೋಡಲು ಹೆದರಿದೆ, ಆದರೂ ನೋಡಿದೆ. ಅವರು ಹೋಳಿಗೆಯ ಬುಟ್ಟಿಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಗಂಡನ ಮೊಣಕೈಯನ್ನೇ ನೋಡುತ್ತಿದ್ದರು. ಮೊಣಕೈ ಮಡಚುತ್ತದೋ ಇಲ್ಲವೋ, ಅಷ್ಟೇ.

ಮೊಣಕೈ ಮಡಚಲಿಲ್ಲ. ಮುಚ್ಚಳ ಓರೆಯಾಯಿತು. ಕೆಂಪಗಿನ ಆ ಬಿಸಿ ಕರಿಮಣ್ಣಿಗೆ ಬಿದ್ದು ಸಣ್ಣಗೆ ಹೊಗೆಯಾಡಿತು. ಉಬ್ಬಿದ ಎರಡು ಬೇದಾಣಿ ಮಣ್ಣಿನ ಮೇಲೆ ಕೂತವು.

"ಲೇ ತಮ್ಮಾ," ಅಂತ ಭಾವನವರು ತಿರುಗಿದರು, "ಭೂಮಿತಾಯಿಗೆ ಈ ವರ್ಷ ಥಂಡಿ ಭಾಳ ಹತ್ತೇತಂತ. ಇದೆಲ್ಲಾ ಆಕೀಗೇ ಇರ್ಲಿ. ಚರಗದ ಬುಟ್ಟಿ ತಗೊಂಡ ನನ್ನ ಹಿಂದ ಬಾ."

ಅವರು ಮುಂದೆ ಫ್ಲಾಸ್ಕು ಬಗ್ಗಿಸುತ್ತಾ, ನಮ್ಮವರು ಹಿಂದೆ ಚರಗ ಚೆಲ್ಲುತ್ತಾ, ಜೋಳದ ಸಾಲಿನ ಗುಂಟ ಹೋದರು. ಭಾವನವರು ಕಟ್ಟಿದ ಗಂಟಲಲ್ಲೇ "ಹುಲ್ಲುಲ್ಲಿಗೋ" ಅಂತ ಚರಗದ ಕೂಗು ಕೂಗಿದರು. ಪಕ್ಕದ ಹೊಲದವರು ಅದಕ್ಕೆ ದನಿ ಕೊಟ್ಟರು. ಒಬ್ಬ ಮುದುಕ ಬದುವಿನಿಂದಲೇ ಕೇಳಿದ, "ಏನ್ ಗೌಡ್ರ, ಈ ಸಲ ಚರಗಕ್ಕ ಚಹಾನೂ ಹೊಂಟೇತೇನು?"

"ಚಹಾ ಅಲ್ಲಪಾ, ಟಾನಿಕ್ಕು" ಅಂದರು ಭಾವನವರು. "ನಿನ್ನ ಹೊಲಕ್ಕ ಬ್ಯಾಡ. ನಿನ್ನ ಜ್ವಾಳ ಮೊದಲ ಓಲಾಡಾಕತ್ತೇತಿ."

ನಾನು ನೆಗೆಣ್ಣಿಯ ಹತ್ತಿರ ಸರಿದು ಕೂತೆ. "ಅಕ್ಕಾ, ಮುಚ್ಚಳ ಅದಲಿಬದಲಿ ಆಗ್ಯಾವ. ಅದು ನಮ್ಮ ಮನಿಯಾಗ ನಾವಿಬ್ಬರ..."

"ಗೊತ್ತೈತಿ" ಅಂದರು ನೆಗೆಣ್ಣಿ.

"ಏನ ಗೊತ್ತೈತಕ್ಕಾ?"

"ಉಪ್ಪಿನಕಾಯಿ ಭರಣಿ ಹಿಂದಿಂದು. ಹೋದ ವರ್ಷ ಉಪ್ಪಿನಕಾಯಿ ತಗೋಳಾಕ ನೀನ ಕಳಿಸಿದ್ದೆಲ್ಲ ನನ್ನ. ನೋಡೇ ಮುಚ್ಚಿ ಬಂದೀನಿ." ಬುಟ್ಟಿಯ ಬಟ್ಟೆಯನ್ನು ಈಗ ಬಿಟ್ಟು, ಮುದುಡಿದ್ದನ್ನು ಅಂಗೈಯಿಂದ ಸವರಿ ಸರಿ ಮಾಡುತ್ತಿದ್ದರು. "ಅದಿರ್ಲಿ. ಅವರ ಕೈ ನೋಡಿದೇನು? ಒಮ್ಮಿನೂ ಬಾಯಿ ಕಡೆ ಹೋಗ್ಲಿಲ್ಲ."

ಬಿಸಿಲು ಏರಿ ಬೆನ್ನಿಗೆ ಹಿತವಾಗಿತ್ತು. ಬನ್ನಿ ಗಿಡದ ಬುಡದ ಐದು ಕಲ್ಲುಗಳ ಮೇಲೆ ಸುಣ್ಣ ಒಣಗಿ ಬೆಳ್ಳಗಾಗಿತ್ತು.

ಗಂಡಸರು ಖಾಲಿ ಬುಟ್ಟಿ, ಖಾಲಿ ಫ್ಲಾಸ್ಕು ಹಿಡಿದು ಬಂದು ಕೈತೊಳೆದು ಊಟಕ್ಕೆ ಕೂತರು. ನಮ್ಮವರು ಅಣ್ಣನ ಮುಖ ನೋಡದೆ ರೊಟ್ಟಿ ಮುರಿಯುತ್ತಿದ್ದರು. ಭಾವನವರು ಹೋಳಿಗೆಗೆ ತುಪ್ಪ ಕೇಳಿದರು, ಎರಡನೆಯ ಸಲವೂ ಕೇಳಿದರು. ಹಸಿವು ಜೋರಾಗಿತ್ತು. ಎಣ್ಣೆಗಾಯಿಯ ಖಾರ ನೆತ್ತಿಗೇರಿ ಕೆಮ್ಮು ಬಂದಾಗ ನೆಗೆಣ್ಣಿ ಮಜ್ಜಿಗೆಯ ತಂಬಿಗೆ ಎಳೆದುಕೊಂಡು ಗಂಡನ ಗ್ಲಾಸಿಗೆ ಕೈ ಹಾಕಿದರು.

ನಾನು ಗ್ಲಾಸು ಮೂಗಿನ ಕಡೆ ಹೋಗುವುದನ್ನು ಕಾಯುತ್ತಿದ್ದೆ. ಭಾವನವರೂ ರೂಢಿಯಂತೆ ದ್ರಾಕ್ಷಿ ಚಪ್ಪರದ ಕಡೆ ಮುಖ ತಿರುಗಿಸಿದ್ದರು. ನೆಗೆಣ್ಣಿ ಗ್ಲಾಸನ್ನು ನೆಲದ ಮೇಲೆ ನೇರ ಇಟ್ಟು, ಮಜ್ಜಿಗೆ ಸುರಿದು, ಮುಂದೆ ಸರಿಸಿದರು.

ಭಾವನವರು ಗ್ಲಾಸು ನೋಡಿದರು. ಹೆಂಡತಿಯನ್ನು ನೋಡಿದರು.

"ಇವತ್ತ ತನಿಖಿ ಇಲ್ಲೇನು?"

"ನನಗೂ ನೆಗಡಿ ಆಗೇತ್ರಿ" ಅಂದರು ನೆಗೆಣ್ಣಿ, ಅವರ ತಾಟಿಗೆ ಇನ್ನೊಂದು ಕಡುಬು ಹಾಕುತ್ತಾ. "ಮೂಗ ಕಟ್ಟೇತಿ. ಯಾವ ವಾಸನಿನೂ ಬರವಲ್ತು."

ಮೂಗು ಕಟ್ಟಿದವರ ದನಿ ಅದಾಗಿರಲಿಲ್ಲ. ಭಾವನವರು ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದು ಮೀಸೆ ಒರೆಸಿಕೊಂಡರು. ಆ ಒರೆಸುವುದು ಸ್ವಲ್ಪ ಹೆಚ್ಚೇ ಹೊತ್ತು ನಡೆಯಿತು.

ಹೊರಡುವಾಗ ಭಾವನವರು ಕಾರಿನ ಕಿಟಕಿಯ ಹತ್ತಿರ ಬಂದು ಫ್ಲಾಸ್ಕು ಕೊಟ್ಟರು. ತೊಳೆದು ಒರೆಸಿದ್ದರು. "ತಂಗೀ, ವಾಸನಿ ಭಾರಿ ಇತ್ತು. ಆ ಬೇದಾಣಿ, ಸಿಪ್ಪಿ ಎಲ್ಲಾ ಹಾಕಿ, ಇನ್ನೊಂದ ಬಿಟ್ಟು, ಒಂದಿನ ಮಾಡಿ ಕೊಡು. ಗಂಟಲ ಇನ್ನೂ ಕಟ್ಟೇತಿ."

"ನಾಳೆನ ಕಳಸ್ತೀನಿ, ಭಾವಾ" ಅಂದೆ.

ಮನೆಗೆ ಬಂದಾಗ ಹೊತ್ತು ಮುಳುಗಿತ್ತು. ಕಟ್ಟೆಯ ಮೇಲೆ ಕೆಂಪು ದಾರದ ಮುಚ್ಚಳದ ಫ್ಲಾಸ್ಕು ನಮ್ಮನ್ನೇ ಕಾಯುತ್ತಾ ಕೂತಿತ್ತು. ಎರಡು ಲೋಟಕ್ಕೆ ಬಗ್ಗಿಸಿದೆ, ಇನ್ನೂ ಉಗುರುಬೆಚ್ಚಗಿತ್ತು. ನಮ್ಮವರು ಲೋಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಬರೀ ಕಷಾಯ" ಅಂದರು.

"ಹೂಂ. ಬೇಕಂದ್ರ ಭರಣಿ ಹಿಂದ ಐತಿ. ಹಾಕ್ಲೇನು?"

ಅವರು ತಲೆಯಾಡಿಸಿ ಬೇಡ ಅಂದರು, ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು. ಆಮೇಲೆ ಎದ್ದು, ಮುಚ್ಚಳದ ಕೆಂಪು ದಾರವನ್ನು ಹಲ್ಲಿನಿಂದ ಬಿಚ್ಚಿ, ಹೊಲದಿಂದ ತಂದ ಫ್ಲಾಸ್ಕಿನ ಹಿಡಿಕೆಗೆ ಕಟ್ಟತೊಡಗಿದರು. ಗಂಟು ಹಾಕಿ, ಅದರ ಮೇಲೆ ಇನ್ನೊಂದು ಗಂಟು ಹಾಕಿದರು.