ಒಂದರಿಂದ ನಾಲ್ಕರವರೆಗೆ ಶರಣು ಕಾಯುತ್ತಾನೆ

ಪುಣೆ ನನ್ನನ್ನು ಬರಮಾಡಿಕೊಂಡದ್ದು ಬೈಗುಳದಿಂದ. ಬಾಯಿಮಾತಿನ ಬೈಗುಳವಲ್ಲ. ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ದುಂಡಗೆ ಬರೆಸಿ, ನಾಲ್ಕು ಮೊಳೆ ಹೊಡೆದು ಬಾಗಿಲಿಗೆ ಕೂರಿಸಿದ ಬೈಗುಳ. "ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಂಟೆ ಒತ್ತಬಾರದು. ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ತೆರೆದರೆ ನಿಮಗೇ ಕಷ್ಟ." ಇಂಥ ಫಲಕಕ್ಕೆ ಇಲ್ಲಿ ಪಾಟಿ ಎನ್ನುತ್ತಾರೆ. ಎದುರಿಗೆ ಹೇಳಲು ಸಂಕೋಚವಾಗುವುದನ್ನೆಲ್ಲ ಪುಣೆಯವರು ಪಾಟಿಯ ಮೇಲೆ ಹೇಳಿ ಹಗುರಾಗುತ್ತಾರೆ.

ಸಾಮಾನು ತುಂಬಿದ ಟೆಂಪೊ ಚಿಂಚವಾಡದ ಆ ಮೂರಂತಸ್ತಿನ ಹಳೆಯ ಕಟ್ಟಡದ ಮುಂದೆ ನಿಂತಾಗ ಎರಡು ಗಂಟೆ. ನಮ್ಮ ಬಾಡಿಗೆ ಮನೆಯ ಬೀಗದ ಕೈ ಕಟ್ಟಡದ ಸೆಕ್ರೆಟರಿ ದೇಶಪಾಂಡೆ ಕಾಕಾ ಅವರ ಬಳಿ ಇತ್ತು. ಕಾಕಾ ಆ ಪಾಟಿಯ ಹಿಂದೆ ಮಲಗಿದ್ದರು. ನಾನು, ನನ್ನ ಗಂಡ ಚಂದ್ರಕಾಂತ, ನನ್ನ ತಮ್ಮ ಶರಣು, ಮೂವರೂ ಮೆಟ್ಟಿಲ ಮೇಲೆ ಎರಡು ತಾಸು ಕೂತೆವು. ಆಳಂದದ ಕಡೆಯ ನಮ್ಮೂರಿನಲ್ಲಿ ಮಧ್ಯಾಹ್ನ ಬಾಗಿಲು ಹಾಕಿದ್ದರೆ ಒಳಗೆ ಯಾರಿಗೋ ಮೈಯಲ್ಲಿ ಹುಷಾರಿಲ್ಲ ಎಂದು ಅರ್ಥ. ಹನ್ನೆರಡು ಬಾಗಿಲು ಒಟ್ಟಿಗೆ ಹಾಕಿದ್ದನ್ನು ನೋಡಿ ಶರಣು, "ಅಕ್ಕ, ಎಲ್ಲಾರಿಗೂ ಜ್ವರ ಬಂದಾವೇನು?" ಎಂದು ಕೇಳಿದ.

ಶರಣುವಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅವನಿಗೆ ಮೂವತ್ತನಾಲ್ಕು ವರ್ಷ. ಆಳೆತ್ತರದ ಮನುಷ್ಯ, ಗಡ್ಡ ಕರ್ರಗೆ. ಇಪ್ಪತ್ತರ ಮುಂದೆ ಎಣಿಸಲು ಬರುವುದಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ತಾಸು ಬೇಕು. ಊರಿನಲ್ಲಿ "ಅವನು ಸ್ವಲ್ಪ ಮೆತ್ತಗ" ಎಂದಷ್ಟೇ ಅನ್ನುತ್ತಿದ್ದರು. ಅದಕ್ಕೆ ಬೌದ್ಧಿಕ ಬೆಳವಣಿಗೆಯ ನ್ಯೂನತೆ ಎಂಬ ಹೆಸರಿದೆ, ಸರ್ಟಿಫಿಕೇಟು ಸಿಗುತ್ತದೆ, ಆ ಸರ್ಟಿಫಿಕೇಟಿನಿಂದ ಬಸ್ ಪಾಸು ಸಿಗುತ್ತದೆ ಎಂದು ನನಗೆ ತಿಳಿದದ್ದು ಪುಣೆಗೆ ಬಂದ ಮೇಲೆ. ಆದರೆ ಊರಿನಲ್ಲಿ ಅವನಿಗೆ ಒಂದು ಕೆಲಸವಿತ್ತು. ನಮ್ಮ ಕಡೆ ಮದುವೆಯಾಗಲಿ, ಜವಳವಾಗಲಿ, ಕಾರ್ಡು ಕೊಟ್ಟರೆ ಸಾಲದು. ಅಡುಗೆ ಇಳಿದ ಮೇಲೆ ಯಾರಾದರೂ ಮನೆ ಮನೆಗೆ ಹೋಗಿ ಇನ್ನೊಮ್ಮೆ ಕರೆಯಬೇಕು. ಆ ಕರೆ ಬರದಿದ್ದರೆ ಜನ ಹೊಸ ಬಟ್ಟೆ ಉಟ್ಟುಕೊಂಡು ಮನೆಯಲ್ಲೇ ಕೂತಿರುತ್ತಾರೆಯೇ ಹೊರತು ಹೊಸ್ತಿಲು ದಾಟುವುದಿಲ್ಲ. ನಮ್ಮ ಓಣಿಯಲ್ಲಿ ಆ ಕರೆ ಶರಣುವಿನದು. "ಅಡಿಗಿ ಆಗ್ಯಾದ, ಊಟಕ್ಕ ಬರ್ರಿ" ಎಂದು ಹೇಳುತ್ತ ಹೊರಟರೆ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ಯಾವ ಮನೆಯ ನಂತರ ಯಾವುದು ಎಂಬುದು ಅವನ ಕಾಲಿಗೇ ಗೊತ್ತಿತ್ತು.

ಅವ್ವ ಹೋದ ಮೇಲೆ ಅವನನ್ನು ಕಟ್ಟಿಕೊಂಡು ನಾನು ಗಂಡನಿದ್ದಲ್ಲಿಗೆ ಬಂದೆ. ಚಂದ್ರಕಾಂತ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ವರ್ಷಗಳಿಂದ ಇದ್ದಾರೆ. ನನಗೂ ಕಾರಿನ ಸೀಟಿಗೆ ಕವರು ಹೊಲಿಯುವ ಕಡೆ ಕೆಲಸ ಸಿಕ್ಕಿತು. ಹೊಲಿಯುವುದಲ್ಲ, ಹೊಲಿದದ್ದರಲ್ಲಿ ತಪ್ಪು ಹುಡುಕುವುದು. ಈ ಕೆಲಸಕ್ಕಾಗಿಯೇ ನೀನು ಹುಟ್ಟಿದ್ದು ಎಂದು ಗಂಡ ಚುಡಾಯಿಸುತ್ತಾರೆ. ಇರಬಹುದು. ಸೆಕೆಂಡ್ ಶಿಫ್ಟಿಗೆಂದು ಅವರು ಎರಡಕ್ಕೆ ಮನೆ ಬಿಡುತ್ತಾರೆ, ನಾನು ಬರುವುದು ನಾಲ್ಕಕ್ಕೆ. ನಡುವಿನ ಎರಡು ತಾಸು ಶರಣುವನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದೆವು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಊರಿನಲ್ಲಿ ಅವನಿಗೆ ಯಾರೂ ಏನೂ ಕಲಿಸಲಿಲ್ಲ, ನಿಜ. ಆದರೆ ಬೀಗ ಹಾಕಿದವರೂ ಯಾರೂ ಇರಲಿಲ್ಲ.

ಕಾರಹುಣ್ಣಿಮೆಯ ದಿನ ಬೆಳಿಗ್ಗೆಯೇ ಎದ್ದು ಹೋಳಿಗೆ ಮಾಡಿಟ್ಟು ಕೆಲಸಕ್ಕೆ ಹೋಗಿದ್ದೆ. ಆ ದಿನವೇ ನನ್ನ ಗಂಡ ಬೀಗ ಹಾಕುವುದನ್ನು ಮರೆತರು. ಒಳಗೆ ಹಬ್ಬದ ಅಡುಗೆ ಆಗಿದೆ, ಉಣ್ಣುವವರು ಯಾರೂ ಇಲ್ಲ. ಶರಣುವಿಗೆ ತನ್ನ ಕೆಲಸ ನೆನಪಾಯಿತು. ಎರಡೂವರೆಗೆ ಎದ್ದು, ಮೇಲಿನಿಂದ ಕೆಳಗಿನವರೆಗೆ ಹನ್ನೊಂದೂ ಮನೆಯ ಗಂಟೆ ಒತ್ತಿ, "ಅಡಿಗಿ ಆಗ್ಯಾದ, ಊಟಕ್ಕ ಬರ್ರಿ" ಎಂದು ಕರೆದ. ನಿದ್ದೆಗಣ್ಣಿನಲ್ಲಿ ಬಾಗಿಲು ತೆರೆದವರಿಗೆ ಕಂಡದ್ದು ಗೊತ್ತಿಲ್ಲದ ಭಾಷೆಯಲ್ಲಿ ಕೈ ಮಾಡಿ ಕರೆಯುತ್ತಿರುವ ಗಡ್ಡದ ಮನುಷ್ಯ. ಕೆಳಗಿನ ಮನೆಯ ಅಜ್ಜಿ ಹೆದರಿ ಕೂಗಿಕೊಂಡರು.

ನಾನು ಬಂದಾಗ ಅಂಗಳದ ಸಿಮೆಂಟ್ ಬೆಂಚಿನ ಮೇಲೆ ಶರಣು ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ದೇಶಪಾಂಡೆ ಕಾಕಾ ನಿಂತಿದ್ದರು. "ಬಾಈ, ಹೇ ಚಾಲಣಾರ ನಾಹೀ" ಎಂದರು. ಅಮ್ಮಾ, ಇದು ನಡೆಯುವುದಿಲ್ಲ ಎಂದು. ಒಂದು ತಿಂಗಳೊಳಗೆ ಇವನಿಗೊಂದು ವ್ಯವಸ್ಥೆ ಮಾಡಿ, ಇಲ್ಲವಾದರೆ ಮನೆ ಖಾಲಿ ಮಾಡಿಸಲು ಮಾಲೀಕರಿಗೆ ಪತ್ರ ಬರೆಯುತ್ತೇನೆ ಎಂದು ಹೇಳಿ ಒಳಗೆ ಹೋದರು. ಶರಣು, "ಯಾರೂ ಬರಲಿಲ್ಲಕ್ಕ" ಎಂದ. ನನಗೆ ಅವನ ಮೇಲೆ ಸಿಟ್ಟು ಬಂದಿತ್ತು. ಆ ಮಾತು ಕೇಳಿ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಊರಿಗೆ ಫೋನು ಮಾಡಿದೆವು. ಚಿಕ್ಕಪ್ಪನ ಮಗ ಮಲ್ಲಣ್ಣ, "ಕಳಸಬಿಡ್ರಿ, ಎರಡು ರೊಟ್ಟಿ ಹಾಕಲಕ್ಕ ನಮಗೇನು ಭಾರ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಚಂದ್ರಕಾಂತ ನನ್ನ ಮುಖ ನೋಡಿದರು.

"ಅಲ್ಲಿ ಅವನಿಗೆ ರೊಟ್ಟಿ ಸಿಗ್ತಾದ ಖರೆ," ಎಂದೆ. "ಮೈ ತೊಳಕೋ ಅಂತ ಹೇಳೋರು ಯಾರು? ನಾ ಕಲಿಸೂದು ಬಿಟ್ರ ಮತ್ಯಾರು ಕಲಿಸ್ತಾರ?"

"ಹಂಗಾದ್ರ ಹುಡುಕು. ತಪ್ಪು ಹುಡುಕ್ತಿ, ಇದನ್ನೂ ಹುಡುಕು," ಎಂದರು.

ಹುಡುಕಿದೆ. ಸರ್ಟಿಫಿಕೇಟಿನ ಸಾಲಿನಲ್ಲಿ ನಿಂತಾಗ ಮುಂದಿದ್ದ ಹೆಂಗಸು ಒಂದು ಕಾರ್ಯಶಾಳೆಯ ವಿಳಾಸ ಬರೆದುಕೊಟ್ಟಳು. ಶರಣುವಿನಂಥ ದೊಡ್ಡವರಿಗೆ ಕೆಲಸ ಕಲಿಸಿ, ಅಲ್ಲೇ ಕೆಲಸವನ್ನೂ ಕೊಡುವ ಜಾಗ. ನಮ್ಮ ಮನೆಯಿಂದ ಎರಡು ಗಲ್ಲಿ ಆಚೆಗೇ ಇತ್ತು. ಅಲ್ಲಿ ಕಾಗದದ ಚೀಲ ಮಾಡುತ್ತಾರೆ, ಶೇಂಗಾ ಚಟ್ನಿ ಕುಟ್ಟಿ ಪ್ಯಾಕೆಟ್ ಮಾಡುತ್ತಾರೆ. ನಡೆಸುವವರು ವೈಶಾಲಿ ತಾಈ. ತಾಈ ಎಂದರೆ ಅಕ್ಕ. ಸೊಲ್ಲಾಪುರದಲ್ಲಿ ಬೆಳೆದವರಾದ್ದರಿಂದ ಕನ್ನಡ ಬರುತ್ತಿತ್ತು. "ಇವನಿಗೆ ಏನೇನು ಬರ್ತದ್ರಿ?" ಎಂದು ಕೇಳಿದರು. ನಾನು ಕಾರ್ಖಾನೆಯಲ್ಲಿ ಕೂತವಳ ಹಾಗೆ ಶುರು ಮಾಡಿದೆ. ಗುಂಡಿ ಹಾಕಲು ಬರುವುದಿಲ್ಲ, ದುಡ್ಡಿನ ಗುರುತಿಲ್ಲ, ರಸ್ತೆ ದಾಟಲು ಬರುವುದಿಲ್ಲ. ಅವರ ಪೆನ್ನು ಒಂದು ಅಕ್ಷರವನ್ನೂ ಬರೆಯಲಿಲ್ಲ.

"ಕಸ್ತೂರಿಬಾಯಿ, ನಾ ಕೇಳಿದ್ದು ಬರೋದು," ಎಂದರು. "ಮತ್ತ ಇವನ ಬದಲಿಗೆ ನೀವೇ ಭಾಳ ಮಾತಾಡ್ತೀರಿ. ಸ್ವಲ್ಪ ಹೊರಗ ಕೂಡ್ರಿ."

ಮಾತು ಜಾಸ್ತಿಯಾಯಿತೆಂದು ಜೀವನದಲ್ಲಿ ನನ್ನನ್ನು ಹೊರಗೆ ಕೂರಿಸಿದವರು ಇವರೊಬ್ಬರೇ. ಮುಖ ಸಿಂಡರಿಸಿಕೊಂಡು ಕೂತೆ.

ಮೊದಲ ವಾರ ಚೀಲದ ಅಂಟೆಲ್ಲ ಶರಣುವಿನ ಗಡ್ಡದಲ್ಲಿತ್ತು. ಚಟ್ನಿ ತೂಗುವುದೂ ಆಗಲಿಲ್ಲ. ಊರಲ್ಲಿ ಏನು ಮಾಡುತ್ತಿದ್ದ ಎಂದು ತಾಈ ಮತ್ತೆ ಕೇಳಿದಾಗ ಗಂಟೆ ಒತ್ತಿದ ಕಥೆಯನ್ನು ತಲೆ ತಗ್ಗಿಸಿಯೇ ಹೇಳಿದೆ. ತಾಈ ನಕ್ಕರು, ಆಮೇಲೆ ನಗು ನಿಲ್ಲಿಸಿ, "ಒಂದೂ ಮನಿ ಬಿಡಲಿಲ್ಲೇನ್ರಿ?" ಎಂದು ಕೇಳಿದರು. ಸುತ್ತಲಿನ ಕಟ್ಟಡಗಳಿಗೆ ಚಟ್ನಿ ತಲುಪಿಸುವವರೇ ಅವರಿಗೆ ಸಿಗುತ್ತಿರಲಿಲ್ಲ.

ಇಲ್ಲಿನವರು ಕಲಿಸುವ ರೀತಿ ನನಗೆ ಹೊಸದು. ಒಂದು ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡುತ್ತಾರೆ. ಗಂಟೆ ಒಂದೇ ಸಲ ಒತ್ತುವುದು ಒಂದು ತುಂಡು, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವುದು ಇನ್ನೊಂದು, ನಮಸ್ಕಾರ ಮಾಡಿ ಪ್ಯಾಕೆಟ್ ಕೊಡುವುದು ಮತ್ತೊಂದು. ಒಂದು ತುಂಡು ಪಳಗುವವರೆಗೆ ಮುಂದಿನದಕ್ಕೆ ಹೋಗುವುದಿಲ್ಲ. ನಾನು ಮೂವತ್ತು ವರ್ಷ ಇಡೀ ಕೆಲಸವನ್ನು ಒಮ್ಮೆಲೇ ಹೇಳಿ, ಬರಲಿಲ್ಲವೆಂದು ಬೈದು, ಕೊನೆಗೆ ನಾನೇ ಮಾಡಿ ಮುಗಿಸುತ್ತಿದ್ದೆ. ಗಡಿಯಾರ ಓದಲು ಬಾರದ ಅವನಿಗೆ ತಾಈ ಕೈಗಡಿಯಾರ ಕಟ್ಟಿ, ಗಾಜಿನ ಮೇಲೆ ಒಂದರಿಂದ ನಾಲ್ಕರವರೆಗೆ ತೆಳುವಾಗಿ ಕೆಂಪು ಬಳಿದರು. ಸಣ್ಣ ಮುಳ್ಳು ಕೆಂಪಿನಲ್ಲಿದ್ದರೆ ಯಾರ ಗಂಟೆಯನ್ನೂ ಮುಟ್ಟುವಂತಿಲ್ಲ. ಬಾಗಿಲ ಪಾಟಿ ಹೇಳುವುದೂ ಇದನ್ನೇ ಎಂದು ತೋರಿಸಿಕೊಟ್ಟರು. ಇಷ್ಟೇ ಪಾಠ. ಆ ಒಂದಕ್ಕೇ ಎರಡು ವಾರ ಹಿಡಿಯಿತು.

ಮೊದಲ ಸಲ ನಮ್ಮ ಕಟ್ಟಡಕ್ಕೇ ಹೋಗಲಿ ಎಂದು ತಾಈ ಹೇಳಿದಾಗ ಜಗಳವಾಡಿದೆ. ತಿಂಗಳು ತುಂಬಲು ನಾಲ್ಕು ದಿನ ಉಳಿದಿತ್ತು. ಅಲ್ಲಿ ತಪ್ಪಿದರೆ ನಮಗೆ ಮನೆಯೂ ಇಲ್ಲ, ಶರಣುವಿಗೆ ಪುಣೆಯೂ ಇಲ್ಲ. "ಆ ಬಾಗಿಲು ಅವನಿಗೆ ಗೊತ್ತದಾವ್ರಿ," ಎಂದರು ತಾಈ. ಅವರೇ ಮೊದಲು ಹೋಗಿ ಐದು ಮನೆಯವರಿಂದ ಚಟ್ನಿಗೆ ಆರ್ಡರು ತೆಗೆದುಕೊಂಡು ಬಂದರು. ಅದರಲ್ಲಿ ದೇಶಪಾಂಡೆ ಕಾಕಾರ ಮನೆಯೂ ಒಂದು.

ಆ ದಿನ ನಾನು ಅರ್ಧ ದಿನ ರಜೆ ಹಾಕಿ, ಕೆಳಗಿನ ಮೆಟ್ಟಿಲ ತಿರುವಿನಲ್ಲಿ ಅಡಗಿ ನಿಂತಿದ್ದೆ. ತಾಈ ಅವನನ್ನು ಕಾಕಾ ಅವರ ಬಾಗಿಲವರೆಗೆ ಬಿಟ್ಟು ಹಿಂದೆ ಸರಿದಾಗ ಮೂರೂಮುಕ್ಕಾಲು. ಶರಣು ಗಡಿಯಾರ ನೋಡಿದ. ನಾವು ಮೊದಲ ದಿನ ಕೂತಿದ್ದ ಮೆಟ್ಟಿಲ ಮೇಲೆಯೇ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅಷ್ಟರಲ್ಲಿ ಒಣಗಿದ ಬಟ್ಟೆ ತೆಗೆಯಲೆಂದು ಕಾಕಾ ಅವರೇ ಬಾಗಿಲು ತೆರೆದು ಹೊರಗೆ ಬಂದರು. "ಕಾಯ ಆಹೇ?" ಎಂದರು, ಏನು ಸಮಾಚಾರ ಎಂದು. ಶರಣು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿ, ಅವರದೇ ಬಾಗಿಲ ಪಾಟಿಯನ್ನು ತೋರಿಸಿದ.

ಕಾಕಾ ಪಾಟಿ ನೋಡಿದರು, ಶರಣುವನ್ನು ನೋಡಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಲ್ಕಾಯಿತು. ಶರಣು ಎದ್ದು ಒಂದೇ ಸಲ ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದ. ಕಾಕಾ ಪ್ಯಾಕೆಟ್ ತೆಗೆದುಕೊಂಡು, ತಿರುವಿನಲ್ಲಿದ್ದ ನನ್ನ ಸೆರಗು ಕಂಡಿತೋ ಏನೋ, ಗಟ್ಟಿಯಾಗಿ ಮರಾಠಿಯಲ್ಲಿ ಹೇಳಿದರು: "ನನ್ನ ಅಳಿಯನಿಗೆ ಇಪ್ಪತ್ತು ವರ್ಷದಲ್ಲಿ ಅರ್ಥವಾಗದ ಪಾಟಿ ಇವನಿಗೆ ಅರ್ಥವಾಯಿತು." ಪುಣೆಯವರು ಹೊಗಳುವುದು ಹೀಗೆ, ಜೊತೆಗೆ ಇನ್ನೊಬ್ಬರನ್ನು ಬೈದು. ಮಾಲೀಕರಿಗೆ ಪತ್ರ ಹೋಗಲಿಲ್ಲ.

ಈಗ ಶರಣು ನಾಲ್ಕು ಕಟ್ಟಡಗಳಿಗೆ ಹೋಗುತ್ತಾನೆ. ಬಸ್ ಪಾಸನ್ನು ಕೊರಳಿಗೆ ಹಾಕಿಕೊಂಡೇ ಮಲಗುತ್ತಾನೆ. ಪ್ರತಿ ಭಾನುವಾರ ಕಾರ್ಯಶಾಳೆಯಲ್ಲಿ ಮನೆಯವರ ಸಭೆ ಇರುತ್ತದೆ. "ಆಮಚ್ಯಾ ನಂತರ ಕೋಣ?", ನಮ್ಮ ನಂತರ ಯಾರು ಎಂಬ ಪ್ರಶ್ನೆಯನ್ನು ಅಲ್ಲಿ ನೋಟ್‌ಬುಕ್ ಹಿಡಿದು ಚರ್ಚಿಸುತ್ತಾರೆ. ಕಾನೂನಿನ ಪ್ರಕಾರ ಪೋಷಕರಾಗಲು ಯಾವ ಅರ್ಜಿ, ನಾಲ್ಕೈದು ಜನ ಒಟ್ಟಿಗೆ ಇರುವ ಮನೆ ಮಾಡಬಹುದೇ, ಇಂಥವೇ ಮಾತು. ಊರಿನಲ್ಲಿ ಆ ಪ್ರಶ್ನೆಯನ್ನು ಅವ್ವ ಬಾಯಿಬಿಟ್ಟು ಕೇಳಿದ್ದನ್ನು ನಾನು ನೋಡಲೇ ಇಲ್ಲ. ಆದರೆ ಇನ್ನೊಂದನ್ನೂ ಹೇಳಬೇಕು. ಈ ಕಟ್ಟಡದವರು ಪ್ಯಾಕೆಟ್ ತೆಗೆದುಕೊಂಡು ನಕ್ಕು ಬಾಗಿಲು ಹಾಕಿಕೊಳ್ಳುತ್ತಾರೆ. ಅವನನ್ನು ಒಳಗೆ ಕರೆದು ಒಂದು ತುತ್ತು ಉಣ್ಣು ಎಂದವರು ಈವರೆಗೆ ಒಬ್ಬರೂ ಇಲ್ಲ.

ಹೋದ ತಿಂಗಳು ಮಲ್ಲಣ್ಣನ ಹೊಸ ಮನೆಯ ಶಾಂತಿಗೆಂದು ಊರಿಗೆ ಹೋಗಿದ್ದೆವು. ಒಂದೂವರೆಗೆ ಅಡುಗೆ ಇಳಿಯಿತು. "ಶರಣು, ಹೋಗಿ ಎಲ್ಲಾರ್ನೂ ಕರಿ," ಎಂದ ಮಲ್ಲಣ್ಣ. ಶರಣು ಗಡಿಯಾರ ನೋಡಿ ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟ.

"ಕೆಂಪದ, ಅಕ್ಕ," ಎಂದ.

"ಇದು ನಮ್ಮೂರೋ. ಇಲ್ಲಿ ಕೆಂಪಿಲ್ಲ, ಎಲ್ಲಾರ ಬಾಗಲಾ ತೆರದಾವ ನೋಡು."

ಅವನು ಕೈ ಚಾಚಿ ಗಡಿಯಾರ ತೋರಿಸಿದ. ಪುಣೆಗೆ ಹೋಗಿ ಇದ್ದ ಬುದ್ಧಿಯೂ ಕೆಟ್ಟಿತು ಎಂದು ಯಾರೋ ಅಂದರು. ಮಲ್ಲಣ್ಣ ಗಡಿಯಾರ ಬಿಚ್ಚಲು ಬಂದಾಗ ನಾನು ಅವನ ಕೈ ತಡೆದೆ. ಎರಡು ವಾರ ಕೂತು ಕಲಿತದ್ದನ್ನು ಒಂದು ಊಟಕ್ಕಾಗಿ ಬಿಚ್ಚಿಡಲು ನನಗೆ ಮನಸ್ಸಾಗಲಿಲ್ಲ. "ನಾನೇ ಕರದ ಬರ್ತೀನಿ," ಎಂದು ಹೊರಟೆ.

ನನ್ನದು ಇಪ್ಪತ್ತರ ಮುಂದೆಯೂ ಎಣಿಸಬಲ್ಲ ತಲೆ. ಆದರೂ ಮನೆಗಳ ಸಾಲು ತಪ್ಪಿತು. ಜನ ಬಂದರು, ಉಂಡರು. ಎರಡು ಮನೆಯವರು ಬರಲಿಲ್ಲ, ಅದು ನನ್ನ ಗಮನಕ್ಕೂ ಬರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಶರಣು ಕಟ್ಟೆಯಿಂದ ಎದ್ದ. ಉಂಡು ಕೈ ತೊಳೆದವರ ಮನೆಯನ್ನೂ ಬಿಡದೆ ಓಣಿಯನ್ನೆಲ್ಲ ಕರೆದ. ಅವರು ನಗುತ್ತಲೇ "ಬಂದ್ವಿ ಬಂದ್ವಿ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವನ ಹಿಂದೆ, ನಾನು ಬಿಟ್ಟುಹೋಗಿದ್ದ ಎರಡು ಮನೆಗಳವರು ಬಂದರು. ಮುಂದೆ ಮುದುಕಿ ಕಾಳಮ್ಮ ಇದ್ದಳು. ಅವರಿಗೆ ಕರೆ ಹೋಗಿರಲಿಲ್ಲವೆಂದು ತಿಳಿದು ಮಲ್ಲಣ್ಣನ ಮುಖ ಬಾಡಿತು. ಕಾಳಮ್ಮ ಎಲೆಯ ಮುಂದೆ ಕೂರುತ್ತ, "ನೀ ಬಿಟ್ಟು ಹೋಗಿದ್ದು ಕಂಡೆ ಕಸ್ತೂರಿ," ಎಂದಳು. "ಶರಣು ಬಂದಾನ ಅಂತ ಕೇಳಿದ್ದೆ. ಅವ ಬಿಡಲ್ಲ ಅಂತ ಕುಂತಿದ್ದೆ." ನನಗೆ ಅಳು ಬಂತು. ಬಡಿಸುವ ನೆಪದಲ್ಲಿ ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನನ್ನೊಳಗಿನ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಕಲಿಸುವವರಿರುವುದು ಅಲ್ಲಿ, ಅವನಿಗಾಗಿ ಕಾಯುವವರಿರುವುದು ಇಲ್ಲಿ. ಒಂದರ ತಪ್ಪನ್ನು ಇನ್ನೊಂದರಿಂದ ಹೊಲಿಯಲು ಬರುವಂತಿಲ್ಲ. ಮೊದಲ ಸಲ ಅವನ ಬದಲಿಗೆ ನಾನು ಮಾತಾಡದೆ ಅವನನ್ನೇ ಕೇಳಿದೆ.

"ಶರಣು, ಇಲ್ಲೇ ಇರ್ತಿ ಏನು?"

ಅವನು ಗಡಿಯಾರ ನೋಡಿದ. ಮುಳ್ಳು ಒಂಬತ್ತರ ಹತ್ತಿರ, ಕೆಂಪಿನಿಂದ ದೂರವಿತ್ತು.

"ನಾಳೆ ಡ್ಯೂಟಿ ಅದ," ಎಂದ. "ಮತ್ತ ಯಾರದರ ಮದಿವಿ ಇದ್ರ ಕರಿಲಕ್ಕ ಬರ್ತೀನಿ."

ಹೇಳಿ ಬಸ್ಸು ಹತ್ತಿ, ಪಾಸು ಕೊರಳಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡು, ಕಿಟಕಿಯ ಪಕ್ಕ ನನಗೆ ಜಾಗ ಹಿಡಿದ. ನನಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಇವತ್ತಿಗೂ ಅಷ್ಟು ನೆಟ್ಟಗೆ ಉತ್ತರಿಸಲು ಬರುವುದಿಲ್ಲ.