ಸೀಸದಣ್ಣ ಮತ್ತು ಬಡಗಿಯ ಬಲಗಣ್ಣು

ಆಸ್ಪತ್ರೆಯ ನೆಲಮಾಳಿಗೆಯ ಅಚ್ಚಿನ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವನನ್ನು ಎಲ್ಲರೂ ಸೀಸದಣ್ಣ ಎಂದೇ ಕರೆಯುತ್ತಿದ್ದರು. ವಿಕಿರಣ ಚಿಕಿತ್ಸೆಗೆ ಬಂದವರ ಮುಖದ ಅಚ್ಚು ತೆಗೆದು, ಕಿರಣ ತಾಗಬಾರದ ಜಾಗಕ್ಕೆ ಸೀಸ ಕರಗಿಸಿ ಅಡ್ಡ ಇಡುವ ಗಟ್ಟಿ ಎರೆಯುವುದು ಅವನ ಕಸುಬು. ಹೊಸ ಯಂತ್ರ ಬಂದ ಮೇಲೆ ಒಲೆ ಆರಿತು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಒತ್ತಿ, ತಲೆ ಅಲುಗದಂತೆ ಹಿಡಿಯುವ ಮುಖವಾಡ ಮಾಡಿದರೆ ಕೆಲಸ ಮುಗಿಯಿತು. ಆದರೂ ಒಲೆಯಿದ್ದ ಮೂಲೆಯತ್ತ ಅವನ ನೋಟ ದಿನಕ್ಕೆ ಹತ್ತು ಸಲ ಹೊರಳುತ್ತಿತ್ತು. ಆ ಕಾದ ಲೋಹದ ವಾಸನೆ, ಅರ ಉಜ್ಜುವ ಸದ್ದು, ಬೆರಳ ತುದಿಯ ಬೊಬ್ಬೆ ಎಲ್ಲವೂ ಅವನಿಗೆ ಬೇಕೆನಿಸುತ್ತಿದ್ದವು.

ಆ ವರ್ಷ ಒಬ್ಬ ಬಡಗಿ ಬಂದ. ಬಲಗೆನ್ನೆಯ ಮೂಳೆಯೊಳಗಿನ ಸೈನಸ್ ಗೂಡಿನಲ್ಲಿ ಕ್ಯಾನ್ಸರ್. ಗಡ್ಡೆ ಕಣ್ಣಿನ ಗುಳಿಯನ್ನು ಮುಟ್ಟಿತ್ತು. ಎಡಗಣ್ಣು ಹುಟ್ಟಿನಿಂದಲೇ ಮಂಜು.

"ಇರೋ ಬಂಡವಾಳ ಇದೊಂದೇ ಅಣ್ಣಾ," ಎಂದು ಬಲಗಣ್ಣು ತೋರಿಸಿದ.

ಕಿರಣದ ಪ್ರಮಾಣ ಗೊತ್ತುಮಾಡುವ ತರುಣಿಗೆ ಅಲ್ಲಿ ಲೆಕ್ಕದ ಮೇಡಂ ಎಂದೇ ಹೆಸರು. ಅವಳು ಸೀಸದಣ್ಣನಿಗೆ ಪರದೆಯ ಮೇಲೆ ಎರಡು ಪದ್ಧತಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಳು. ಹಳೆಯದರಲ್ಲಿ ಮುಂದಿನಿಂದ ಒಂದು, ಪಕ್ಕದಿಂದ ಒಂದು ಅಗಲ ಕಿರಣ. ಕಣ್ಣಿಗೆ ಸೀಸ ಅಡ್ಡವಿಟ್ಟರೆ ಅದರ ನೆರಳಲ್ಲಿ ಗಡ್ಡೆಯೂ ಬಚಾವು. ಇಡದಿದ್ದರೆ ಕಣ್ಣಿಗೇ ಕುತ್ತು. ಹೊಸದರಲ್ಲಿ ಏಳು ದಿಕ್ಕಿನ ಕಿರಣಗಳು ಕಣ್ಣನ್ನು ತಪ್ಪಿಸಿ ಗಡ್ಡೆಗೆ ಹೋಗುತ್ತವೆ.

"ನಿಮ್ಮ ಸೀಸಕ್ಕೆ ಇದು ಆಗ್ತಿತ್ತಾ?" ಎಂದು ಅವಳು ಕೆಣಕಿದಳು.

"ಇಲ್ಲಮ್ಮಾ. ಆದ್ರೆ ನನ್ನ ಸೀಸ ಕೂದಲೆಳೆ ಸರಿದ್ರೆಲ್ಲ ಮುನಿಸ್ಕೊಳ್ತಿರ್ಲಿಲ್ಲ."

ಮೂರನೆಯ ವಾರ, ಯಂತ್ರದ ಕೋಣೆಯ ಬಾಗಿಲಲ್ಲಿ ಬಡಗಿ ಸರದಿಗೆ ಕಾದು ಕೂತಿದ್ದ. ಊತ ಇಳಿದಿದ್ದ ಬಲಗೆನ್ನೆ ಮತ್ತೆ ಉಬ್ಬಿರುವುದನ್ನು ಸೀಸದಣ್ಣ ಕಂಡ.

"ಏನಯ್ಯಾ, ಊತ ತಿರುಗಿ ಬಂತಾ?"

ಬಡಗಿ ನಗುತ್ತ ಬಾಯೊಳಗಿಂದ ಮಡಚಿದ ಬಟ್ಟೆಯ ಉಂಡೆ ತೆಗೆದ. "ಊತ ಇಳಿದು ಮುಖವಾಡ ಸಡಿಲ ಆಯ್ತಣ್ಣಾ. ಬಾಗಿಲ ಚೌಕಟ್ಟು ಸಡಿಲಾದ್ರೆ ಬೆಣೆ ಹೊಡೆಯಲ್ವಾ? ಹಂಗೇ. ನಿನ್ನೆ ಎಷ್ಟು ಗಟ್ಟಿ ಕೂತಿತ್ತು ಗೊತ್ತಾ."

"ಪುಣ್ಯಾತ್ಮ, ಕೆನ್ನೆಗೆ ಬೆಣೆ ಕೊಟ್ರೆ ತಲೆ ಇನ್ನೊಂದು ಕಡೆ ಸರಿಯುತ್ತೆ. ಗಡ್ಡೆಗೆ ಬೀಳೋ ಕಿರಣ ಕಣ್ಣಿಗೆ ಬೀಳುತ್ತೆ."

ಬಡಗಿಯ ಕೈಯಿಂದ ಉಂಡೆ ಜಾರಿತು. "ಹಂಗಾದ್ರೆ ನಿನ್ನೇದು?"

ಅಂದಿನ ಚಿಕಿತ್ಸೆ ನಿಂತಿತು. ಮೇಡಂ ಮತ್ತೆ ಲೆಕ್ಕಕ್ಕೆ ಕೂತಳು. ಕಾಯುವಾಗ ಸೀಸದಣ್ಣನಿಗೆ ಹಿಂದಿನ ಒಬ್ಬ ದರ್ಜಿ ಹೆಂಗಸು ನೆನಪಾದಳು. ಅವಳಿಗೂ ಇದೇ ಜಾಗದಲ್ಲಿ ಇದೇ ರೋಗ. ಅವನು ಎರೆದ ಸೀಸದ ಗಟ್ಟಿ ಎಷ್ಟು ಅಚ್ಚುಕಟ್ಟಾಗಿದ್ದರೂ ಒಂದು ಕಣ್ಣು ಹೋಗಿತ್ತು. "ದಾರ ಪೋಣಿಸೋಕೆ ಮಗಳಿದ್ದಾಳೆ ಬಿಡಿ," ಎಂದು ಅವಳೇ ಅವನನ್ನು ಸಮಾಧಾನ ಮಾಡಿದ್ದಳು. ಒಲೆಯ ಮೇಲಿನ ಅಕ್ಕರೆಯಲ್ಲಿ ಆ ಮಾತನ್ನು ಅವನು ಮರೆತೇಬಿಟ್ಟಿದ್ದ.

ಮೇಡಂ ತಲೆಯೆತ್ತಿದಳು. "ಒಂದು ದಿನ ತಾನೆ, ಮಿತಿ ದಾಟಿಲ್ಲ. ವಾರ ಹಿಂಗೇ ಹೋಗಿದ್ರೆ ನಾನೇನು ಹೇಳ್ತಿದ್ನೋ."

ಸೀಸದಣ್ಣ ಹೊಸ ಜಾಲರಿಯನ್ನು ಬಿಸಿನೀರಿಗೆ ಬಿಟ್ಟ.

"ಇದೂ ಸಡಿಲಾದ್ರೆ?" ಬಡಗಿ ಮಲಗಿದಲ್ಲೇ ಕೇಳಿದ.

"ನನ್ನ ಕರಿ. ನಿನ್ನ ಬಡಗಿತನ ಮನೇಲಿಟ್ಟು ಬಾ."

ಚಿಕಿತ್ಸೆಯ ಮೂವತ್ತೂ ದಿನ ಮುಗಿದಾಗ ಬಡಗಿಯ ಬಲಗಣ್ಣು ಕೆಂಪಾಗಿತ್ತು, ನೀರು ಸುರಿಸುತ್ತಿತ್ತು. ಆದರೆ ಕಾಣುತ್ತಿತ್ತು.